ಒಂದೇ ಕೋಣೆಯ ಇಬ್ಬರಿಗೆ

ಲೂನೆನ್‌ಬರ್ಗ್, ನೋವಾ ಸ್ಕೋಶಿಯಾ
ಜನವರಿ 11, 2017

ಪ್ರೀತಿಯ ನೆಟ್ಟಾ,

ಹಡಗಿಗೆ ಹಣ ಕಟ್ಟಿಬಿಟ್ಟೆ. ಇನ್ನು ನೀನು ಹಿಂದೆ ಸರಿಯೋ ಹಾಗಿಲ್ಲ. ಮೇ ತಿಂಗಳಲ್ಲಿ ಸೌತಾಂಪ್ಟನ್‌ನಿಂದ ಹೊರಟು ನಾರ್ವೆಯ ಕರಾವಳಿ ಸುತ್ತಿಸಿ ಮತ್ತೆ ಅಲ್ಲಿಗೇ ತಂದು ಬಿಡ್ತಾರೆ. ಸಮುದ್ರಕ್ಕೆ ಬಾಲ್ಕನಿ ಇರೋ ಕೋಣೆ, ಎರಡು ಮಂಚ. ನೀನು ಗೊರಕೆ ಹೊಡೆದರೆ ನಿನ್ನ ಹಾಸಿಗೇನ ಬಾಲ್ಕನಿಗೆ ಹಾಕ್ತೀನಿ.

ನಾನು ಲಾಕ್ಲನ್‌ನ ಮದುವೆಯಾಗಿ ನಮ್ಮೂರು ಆರ್‌ಬ್ರೋತ್ ಬಿಟ್ಟ ಮೇಲೆ ಅಕ್ಕತಂಗಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದೇ ಇಲ್ಲ, ಯೋಚನೆ ಮಾಡಿದ್ದೀಯಾ? ಲಾಕ್ಲನ್ ತೀರಿಹೋದಮೇಲೆ ಈ ಮನೆ ನನಗೆ ದೊಡ್ಡದಾಗಿದೆ. ಸಲೂನನ್ನೂ ಮಾರಿದೆ. ದಿನವಿಡೀ ಹತ್ತು ಹೆಂಗಸರ ತಲೆಗೂದಲು ಕತ್ತರಿಸ್ತಾ ಹತ್ತು ಮನೆ ಸುದ್ದಿ ಕೇಳ್ತಿದ್ದವಳು, ಈಗ ರೇಡಿಯೋಗೆ ಎದುರುತ್ತರ ಕೊಡ್ತಾ ಕೂತಿರ್ತೀನಿ.

ಒಂದು ವಿಷಯ ಈಗಲೇ ತೀರ್ಮಾನ ಆಗಬೇಕು. ಹಡಗಿನಲ್ಲಿ ಊಟ ಟಿಕೆಟ್ಟಿನಲ್ಲೇ ಸೇರಿದೆ, ಕುಡಿಯೋದು ಸೇರಿಲ್ಲ. ಬೇಕಾದಾಗ ಬಾಟಲಿ ವೈನ್ ಕೊಳ್ಳಬಹುದು. ಇಲ್ಲಾ, ಮೊದಲೇ ಪ್ಯಾಕೇಜ್ ತಗೊಂಡುಬಿಟ್ಟರೆ ವೈನ್, ಜಿನ್, ಕಾಫಿ ಯಾವುದನ್ನಾದರೂ ಬೆಳಿಗ್ಗೆಯಿಂದ ಕೇಳ್ತಾ ಇರಬಹುದು. ಯಾರೂ ಬಿಲ್ ಹಿಡಿದು ಬರಲ್ಲ. ಷರತ್ತು ಏನಂದರೆ, ಒಂದೇ ಕೋಣೆಯ ಇಬ್ಬರೂ ತಗೋಬೇಕು. ಒಬ್ಬರ ಹೆಸರಲ್ಲಿ ಇಬ್ಬರೂ ಕುಡಿದುಬಿಡ್ತಾರೆ ಅಂತ ಅವರಿಗೆ ಭಯ. ನನ್ನ ಮತ ಪ್ಯಾಕೇಜಿಗೆ. ರಜಾದಲ್ಲಿ ಹೋದಮೇಲೆ ಪ್ರತಿ ಲೋಟಕ್ಕೂ ಯೋಚನೆ ಮಾಡ್ತಾ ಕೂರೋದು ಯಾಕೆ? ಹೂಂ ಅನ್ನು.

ನಿನ್ನ ರೋನಾ

ಆರ್‌ಬ್ರೋತ್
ಫೆಬ್ರವರಿ 6, 2017

ಪ್ರೀತಿಯ ರೋನಾ,

ಉತ್ತರ ತಡವಾಯಿತು. ಹಲ್ಲಿನ ತಾಪತ್ರಯಕ್ಕೆ ಡಂಡೀಗೆ ನಾಲ್ಕಾರು ಸಲ ಅಲೆಯಬೇಕಾಯಿತು. ಪಕ್ಕದ ಮನೆ ಐಲ್ಸಾ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ದಾರಿಯುದ್ದಕ್ಕೂ ಸೊಸೆಯನ್ನು ಬೈಯುತ್ತಾಳೆ. ಹೋಗಿ ಬಂದದ್ದೇ ಗೊತ್ತಾಗುವುದಿಲ್ಲ.

ಬಾಲ್ಕನಿ ಕೋಣೆ ಎಂದರೆ ನನಗೂ ಆಸೆ. ನಾನು ಬಂದೇ ಬರುತ್ತೇನೆ. ಆದರೆ ಪ್ಯಾಕೇಜ್ ಬೇಡ. ಗ್ರಂಥಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮೋರಾಗ್ ಹೋದ ವರ್ಷ ಇಂಥದ್ದೇ ಹಡಗಿನಲ್ಲಿ ಹೋಗಿದ್ದಳು. ಊಟಕ್ಕೆ ಒಂದು ಬಾಟಲಿ ವೈನ್ ತರಿಸಿದರೆ, ಉಳಿದದ್ದಕ್ಕೆ ಬಿರಡೆ ಹಾಕಿ ಕೋಣೆಯ ನಂಬರು ಬರೆದು ತೆಗೆದಿಡುತ್ತಾರಂತೆ, ಮರುದಿನ ಅದನ್ನೇ ತಂದು ಬಡಿಸುತ್ತಾರಂತೆ. ಹತ್ತುವಾಗ ಒಬ್ಬೊಬ್ಬರು ಒಂದೊಂದು ಬಾಟಲಿ ಒಯ್ಯಬಹುದು. ಊಟದ ಮನೆಯಲ್ಲಿ ಅದನ್ನು ತೆರೆಯುವುದಕ್ಕೆ ಏನೋ ಸ್ವಲ್ಪ ತೆಗೆದುಕೊಳ್ಳುತ್ತಾರೆ, ಅಷ್ಟೇ. ನಿನಗೆ ಇಷ್ಟವಾದ ಕೆಂಪು ವೈನನ್ನು ನಾನೇ ತರುತ್ತೇನೆ. ಮೇಜಿನ ಮೇಲೆ ಒಂದು ಬಾಟಲಿ ಇದ್ದರೆ ಇಬ್ಬರಿಗೂ ಸಾಕು. ಪ್ಯಾಕೇಜಾದರೆ ನನ್ನ ಪಾಲು ವ್ಯರ್ಥ.

ನೆಟ್ಟಾ

ಲೂನೆನ್‌ಬರ್ಗ್
ಫೆಬ್ರವರಿ 17, 2017

ನೆಟ್ಟಾ,

ಒಂದು ಬಾಟಲಿ, ಅದಕ್ಕೊಂದು ಬಿರಡೆ, ಮಾರನೇ ದಿನ ಅದರದ್ದೇ ಉಳಿಕೆ. ಇದು ರಜವೋ ಇಲ್ಲ ಅನಾಥಾಶ್ರಮವೋ? ಅಪ್ಪನ ವಿಸ್ಕಿ ಬಾಟಲಿಗೆ ಅಮ್ಮ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಡ್ತಿದ್ದಳಲ್ಲ, ಆ ಪೆನ್ಸಿಲ್ ಈಗ ನಿನ್ನ ಕೈಗೆ ಬಂದಿದೆ ಅಂತ ಕಾಣುತ್ತೆ.

ದುಡ್ಡಿನ ಚಿಂತೆಯಾದರೆ ಹೇಳು, ನಿನ್ನ ಪಾಲಿನದೂ ನಾನೇ ಕಟ್ತೀನಿ. ಅದಲ್ಲ, ನನ್ನ ಜೊತೆ ಕೂತು ನಗುನಗ್ತಾ ಎರಡು ಲೋಟ ಜಾಸ್ತಿ ಕುಡಿಯೋದು ನಿನಗೆ ಕೀಳು ಅನ್ನಿಸಿದರೆ, ಅದನ್ನೂ ನೇರವಾಗಿ ಹೇಳಿಬಿಡು. ಮೊದಲಿಂದಲೂ ನೀನು ಹೀಗೇ. ನನ್ನ ಮದುವೆಯಲ್ಲಿ ಎಲ್ಲರೂ ಕುಣೀತಿದ್ದರೆ ನೀನು ತಟ್ಟೆ ಎಣಿಸ್ತಿದ್ದೆ.

ನಾನು ಎರಡು ವರ್ಷ ಒಬ್ಬಳನ್ನ ಮಾತ್ರ ನೋಡಿದ್ದೀನಿ ಕಣೇ, ಕನ್ನಡಿಯಲ್ಲಿ. ಸ್ವಲ್ಪ ಸಂತೋಷ ಬೇಕು ಅಂದರೆ ತಪ್ಪಾ?

ರೋನಾ

ಆರ್‌ಬ್ರೋತ್
ಮಾರ್ಚ್ 8, 2017

ಪ್ರೀತಿಯ ರೋನಾ,

ತಟ್ಟೆ ಎಣಿಸಿದ್ದು ನಿಜ. ಅವು ಚರ್ಚಿನವರ ತಟ್ಟೆಗಳು, ಒಡೆದರೆ ಅಮ್ಮ ನನ್ನನ್ನೇ ಕೇಳುತ್ತಿದ್ದಳು.

ಪ್ಯಾಕೇಜನ್ನೇ ತೆಗೆದುಕೋ. ನನ್ನ ಪಾಲಿನದು ನಾನೇ ಕೊಡುತ್ತೇನೆ. ಒಂದು ಬಾಟಲಿ ವೈನಿಗಾಗಿ ನಿನ್ನ ಜೊತೆ ಜಗಳ ಕಾಯಲು ನನಗೆ ಈಗ ಪುರುಸೊತ್ತಿಲ್ಲ, ಮನಸ್ಸೂ ಇಲ್ಲ. ನಿನ್ನನ್ನು ನೋಡಬೇಕು, ಅಷ್ಟೇ.

ಸ್ವಲ್ಪ ತೆಳ್ಳಗಾಗಿದ್ದೇನೆ. ಬಂದರಿನಲ್ಲಿ ಗುರುತು ಹಿಡಿಯದೆ ಮುಂದೆ ಹೋಗಿಬಿಡಬೇಡ. ನೀಲಿ ಕೋಟು ಹಾಕಿಕೊಂಡಿರುತ್ತೇನೆ.

ನೆಟ್ಟಾ

ಲೂನೆನ್‌ಬರ್ಗ್
ಜೂನ್ 2, 2017

ನೆಟ್ಟಾ,

ಮನೆಗೆ ಬಂದು ವಾರ ಆಯ್ತು. ನಿನ್ನಿಂದ ಒಂದು ಸಾಲೂ ಇಲ್ಲ. ಸರಿ, ನಾನೇ ಬರೀತೀನಿ. ಕೋಪ ಇಳಿಯೋ ಮುಂಚೆಯೇ ಬರೀತೀನಿ, ಇಳಿದಮೇಲೆ ನನಗೆ ಧೈರ್ಯ ಬರಲ್ಲ.

ಮೊದಲ ದಿನದಿಂದಲೇ ನೀನು ನನ್ನನ್ನ ಪರೀಕ್ಷೆ ಮಾಡ್ತಿದ್ದೆ. ಊಟಕ್ಕೆ ಕೂತಾಗೆಲ್ಲ ನೀನೂ ಒಂದು ಲೋಟ ವೈನ್ ತರಿಸ್ತಿದ್ದೆ. ತುಟಿಗೆ ತಾಗಿಸಿ ಕೆಳಗಿಟ್ಟು, ಆಮೇಲೆ ಮೆಲ್ಲಗೆ ನನ್ನ ಕಡೆ ಸರಿಸ್ತಿದ್ದೆ. "ನನ್ನದೂ ನೀನೇ ಕುಡಿ, ಹಣ ಕೊಟ್ಟಾಗಿದೆಯಲ್ಲ" ಅಂತಿದ್ದೆ. ನಾನು ಕುಡಿದೆ. ಕುಡಿಯೋದನ್ನ ನೀನು ನೋಡ್ತಾ ಕೂರ್ತಿದ್ದೆ. ಊಟ ಕೂಡ ಮಾಡ್ತಿರಲಿಲ್ಲ, ಮೀನನ್ನ ಫೋರ್ಕಿನಲ್ಲಿ ಆ ಕಡೆ ಈ ಕಡೆ ತಳ್ತಾ ನನ್ನನ್ನೇ ನೋಡ್ತಿದ್ದೆ.

ಗೈರಾಂಗರ್‌ನಲ್ಲಿ ಹಡಗು ನಿಂತ ದಿನ ಸಂಜೆ, ಪಕ್ಕದ ಮೇಜಿನ ಲೀಡ್ಸ್ ಊರಿನ ದಂಪತಿ ಎದುರಿಗೆ ನೀನು ಕೇಳಿದೆ: "ಇವತ್ತು ಎಷ್ಟಾಯ್ತು ರೋನಾ?"

ಅಷ್ಟು ಜನರ ಮುಂದೆ. ನಮಗೆ ಬಡಿಸ್ತಿದ್ದ ರೋಡೆಲ್, ಆ ಒಳ್ಳೇ ಹುಡುಗ, ತಲೆ ತಗ್ಗಿಸಿ ಚಮಚ ಜೋಡಿಸೋಕೆ ಶುರು ಮಾಡಿದ. ನಾನು ಏನೇನೋ ಅಂದೆ. ಎಲ್ಲ ನೆನಪಿಲ್ಲ. "ಗಂಡನ್ನ ಹೂತವಳು ನಾನು, ನಿನಗೇನು ಗೊತ್ತು ನೋವು ಅಂದರೆ?" ಅಂದಿದ್ದು ನೆನಪಿದೆ. ಅದಕ್ಕೆ ನೀನು ನ್ಯಾಪ್‌ಕಿನ್ ಮಡಿಚಿಟ್ಟು ಎದ್ದುಹೋದೆ.

ಮಾರನೇ ದಿನ ಬರ್ಗೆನ್ ಬಂದರಿನಲ್ಲಿ ಇಳಿದು ಹೋಗಿಬಿಟ್ಟೆ. ಒಂದು ಮಾತು ಹೇಳದೆ, ಪೆಟ್ಟಿಗೆ ಸಮೇತ. ಅಲ್ಲಿಂದ ಸೌತಾಂಪ್ಟನ್‌ವರೆಗೆ ಎದುರಿಗೆ ಖಾಲಿ ಕುರ್ಚಿ ಇಟ್ಕೊಂಡು ಊಟ ಮಾಡಿದೆ ನಾನು. ಎಲ್ಲರೂ ನೋಡ್ತಿದ್ದರು. ಶಿಕ್ಷೆ ಕೊಡೋದನ್ನ ನಿನ್ನಿಂದ ಕಲೀಬೇಕು.

ರೋನಾ

ಲೂನೆನ್‌ಬರ್ಗ್
ಜುಲೈ 5, 2017

ನೆಟ್ಟಾ,

ಹೋದ ಕಾಗದ ತಲುಪಿತಾ? ತಲುಪದೇ ಇದ್ದರೆ ಒಳ್ಳೇದು. ತಲುಪಿದ್ದರೆ ಒಲೆಗೆ ಹಾಕಿಬಿಡು.

ಕೋಪ ಮಾಡ್ಕೊಂಡಿದ್ದರೆ ಬೈದು ಬರಿ. ಬೈಗುಳವಾದರೂ ಬರಲಿ ಅಂತ ದಿನಾ ಅಂಚೆಯವಳನ್ನ ಕಾಯ್ತೀನಿ.

ರೋನಾ

ಆರ್‌ಬ್ರೋತ್
ಆಗಸ್ಟ್ 9, 2017

ಪ್ರೀತಿಯ ರೋನಾ,

ಎರಡೂ ಪತ್ರ ತಲುಪಿದವು. ಕೋಪಕ್ಕೆ ಸುಮ್ಮನಿದ್ದೆ ಎಂದುಕೊಳ್ಳಬೇಡ. ಬಹಳ ದಿನ ಆಸ್ಪತ್ರೆಯಲ್ಲಿದ್ದೆ, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಈಗ ಮನೆಗೆ ಬಂದಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಹೇಳಿಬಿಡುತ್ತೇನೆ.

ಲಾಕ್ಲನ್‌ಗೆ ಬಂದ ಕ್ಯಾನ್ಸರೇ ನನಗೂ ಬಂದಿದೆ. ಅದೇ ಜಾಗದಲ್ಲಿ. ಜನವರಿಯಲ್ಲಿ ಗೊತ್ತಾಯಿತು. ಡಂಡೀಗೆ ಹೋಗುತ್ತಿದ್ದದ್ದು ಹಲ್ಲಿಗಲ್ಲ. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಪ್ರವಾಸ ಹೋಗಬಹುದೇ ಎಂದು ಕೇಳಿದೆ. "ಹೋಗುವುದಾದರೆ ಈ ಬೇಸಿಗೆಯಲ್ಲೇ ಹೋಗಿ" ಎಂದರು. ವೈನ್ ಮಾತ್ರ ಒಂದು ತೊಟ್ಟೂ ಕೂಡದು ಎಂದರು.

ನಿನಗೆ ಹೇಳಬಾರದು ಎಂದುಕೊಂಡೆ. ಅವನ ಕೊನೆಯ ತಿಂಗಳುಗಳಲ್ಲಿ ನೀನು ಬರೆದ ಪತ್ರಗಳು ನನ್ನ ಹತ್ತಿರ ಇವೆ. ಅವನನ್ನು ಎತ್ತಿ ಕೂರಿಸಿದ್ದು, ಅವನ ಬಟ್ಟೆ ಬದಲಿಸಿದ್ದು, ಅವನು ನಿನ್ನನ್ನು ಗುರುತಿಸದೆ ಹೋದ ಬೆಳಗು. ಅದನ್ನೆಲ್ಲ ಮತ್ತೊಮ್ಮೆ ನಿನ್ನ ಮುಂದೆ ತಂದು ಇಡಲೇ? ಮೊದಲು ಸಮುದ್ರ ನೋಡೋಣ, ನಗೋಣ, ಮನೆಗೆ ಬಂದು ಬರೆದರಾಯಿತು ಎಂದುಕೊಂಡೆ.

ಬಾಟಲಿ ಸಾಕು ಎಂದು ಹಠ ಹಿಡಿದದ್ದು ಅದಕ್ಕೇ. ಬಾಟಲಿ ಮೇಜಿನ ಮೇಲಿದ್ದರೆ ಯಾರು ಎಷ್ಟು ಕುಡಿದರು ಎಂದು ಯಾರಿಗೂ ತಿಳಿಯದು, ನಾನು ಕುಡಿಯದಿದ್ದರೂ ನೀನು ಗಮನಿಸುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಪ್ಯಾಕೇಜ್ ತೆಗೆದುಕೊಂಡ ಮೇಲೆ ನನ್ನ ಎದುರಿಗೂ ಒಂದು ಲೋಟ ಬರಲೇಬೇಕಾಯಿತು. ತುಂಬಿದ ಲೋಟ ನಿನ್ನ ಕಣ್ಣಿಗೆ ಬೀಳದಿರಲಿ ಎಂದು ನಿನ್ನ ಕಡೆ ಸರಿಸಿದೆ. ಕಾಯಿಲೆ ಇದೆ ಎಂದರೆ ಒಬ್ಬರಿಗೆ ವಿನಾಯಿತಿ ಕೊಡುತ್ತಾರಂತೆ, ಹತ್ತುವಾಗ ಕೌಂಟರಿನ ಹೆಂಗಸು ಹೇಳಿದಳು. ನೀನು ಪಕ್ಕದಲ್ಲೇ ನಿಂತಿದ್ದೆ. ನಾನು ಬೇಡ ಎಂದೆ.

ನಿನ್ನ ಕೈ ನಡುಗುವುದನ್ನು ಎರಡನೆಯ ಬೆಳಿಗ್ಗೆ ನೋಡಿದೆ. ಹಲ್ಲುಜ್ಜುವ ಮೊದಲೇ ನೀನು ಎಲ್ಲಿಗೋ ಹೋಗಿ ಬಂದೆ, ಬಂದಮೇಲೆ ನಡುಕ ನಿಂತಿತ್ತು. ಆಗ ಅರ್ಥವಾಯಿತು. ಆಮೇಲೂ ಲೋಟ ಸರಿಸುತ್ತಲೇ ಇದ್ದೆ, ರೋನಾ. ನನ್ನದು ಮುಚ್ಚಿಡುವುದಕ್ಕೆ ನಿನಗೆ ಎರಡು ಪಾಲು ಕುಡಿಸಿದೆ.

ಬರ್ಗೆನ್‌ನ ವಿಷಯ. ನಾನು ಮುನಿಸಿಕೊಂಡು ಇಳಿಯಲಿಲ್ಲ. ಬೆಳಿಗ್ಗೆ ಸ್ನಾನದ ಕೋಣೆಯಲ್ಲಿ ರಕ್ತ ವಾಂತಿಯಾಯಿತು. ನೀನು ಆಗಲೇ ಮೇಲಿನ ಡೆಕ್ಕಿಗೆ ಹೋಗಿದ್ದೆ. ಹಡಗಿನ ವೈದ್ಯರು ದಡಕ್ಕೆ ಕಳಿಸಲೇಬೇಕು ಎಂದರು. ರೋಡೆಲ್ ನಿನ್ನನ್ನು ಕರೆಯಲು ಓಡಿದ. ವಾಪಸು ಬಂದು, "ಮೇಡಂ ಬರೋಲ್ಲವಂತೆ" ಎಂದಷ್ಟೇ ಹೇಳಿದ. ನೀನು ಏನೆಂದೆ ಎಂದು ನಾನು ಕೇಳಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಇಳಿಸುವಾಗ ಮೇಲೆ ನೋಡಿದೆ. ನೀನು ಕಟಾಂಜನ ಹಿಡಿದು ನಿಂತಿದ್ದೆ, ಕೈಯಲ್ಲಿ ಲೋಟ ಇತ್ತು. ನಾನು ಕೈ ಎತ್ತಿದೆ. ನೀನು ಮುಖ ತಿರುಗಿಸಿದೆ.

ಇದನ್ನು ದೂರಲು ಬರೆಯುತ್ತಿಲ್ಲ. ನಿನಗೆ ನೆನಪಿಲ್ಲ ಎಂದು ನಿನ್ನ ಪತ್ರ ಓದಿದಾಗ ತಿಳಿಯಿತು. ಗೊತ್ತಿರಲಿ ಎಂದು ಬರೆದೆ.

ನೆಟ್ಟಾ

ಲೂನೆನ್‌ಬರ್ಗ್
ಆಗಸ್ಟ್ 21, 2017

ನನ್ನ ನೆಟ್ಟಾ,

ನಿನ್ನ ಕಾಗದ ಬಂದು ಮೂರು ದಿನ ಆಯ್ತು. ಆ ಮೂರು ದಿನ ಏನು ಮಾಡಿದೆ ಅಂತ ನಿನಗೇ ಗೊತ್ತು.

ರೋಡೆಲ್ ಬಂದಿದ್ದು ನೆನಪಿದೆ. "ನಿಮ್ಮ ಅಕ್ಕ ಇಳೀತಿದ್ದಾರೆ, ಬೇಗ ಬನ್ನಿ" ಅಂದ. "ಇಳೀಲಿ ಬಿಡು, ಅವಳಿಗೆ ನನ್ನ ಜೊತೆ ಕೂರೋಕೆ ನಾಚಿಕೆ" ಅಂದೆ. ಅವನು ಇನ್ನೂ ಏನೋ ಹೇಳೋಕೆ ಬಂದ. ಇನ್ನೊಂದು ಲೋಟ ತಾ ಅಂತ ಅವನನ್ನ ಕಳಿಸಿಬಿಟ್ಟೆ. ನೀನು ಕೂತಿದ್ದು ಗಾಲಿ ಕುರ್ಚಿ ಅಂತ ಕಂಡಿತ್ತು ನೆಟ್ಟಾ. ಮುದುಕಿಯರನ್ನ ಹಾಗೇ ಇಳಿಸ್ತಾರೆ ಅಂದುಕೊಂಡೆ. ಅಂದುಕೊಳ್ಳೋಕೆ ಅದೇ ಸುಲಭವಾಗಿತ್ತು.

ನಾನು ಪ್ಯಾಕೇಜ್ ಪ್ಯಾಕೇಜ್ ಅಂತ ಬಡಕೊಂಡಿದ್ದೂ ಲೆಕ್ಕ ಹಾಕಿಯೇ. ಬಾಟಲಿಯಾದರೆ ಎಷ್ಟು ಇಳೀತು ಅಂತ ಎದುರಿಗೇ ಕಾಣುತ್ತೆ. ಕೊನೇ ದಿನ ಬಿಲ್ ಬಂದರೆ ಅದರಲ್ಲೂ ಕಾಣುತ್ತೆ. ಪ್ಯಾಕೇಜಿನಲ್ಲಿ ಏನೂ ಕಾಣಲ್ಲ. ಲಾಕ್ಲನ್‌ನ ಹೂತು ಬಂದ ದಿನದಿಂದ ಕುಡೀತಿದ್ದೀನಿ. ಸಲೂನ್ ಮಾರಲಿಲ್ಲ ನಾನು. ಕತ್ತರಿ ಹಿಡಿಯೋ ಕೈಯ ನಡುಕ ನಿಲ್ಲಲಿಲ್ಲ, ಒಬ್ಬಳ ಕಿವಿ ಕುಯ್ದೆ, ಮುಚ್ಚಬೇಕಾಯ್ತು. ನಿನಗೆ ಮಾರಿದೆ ಅಂತ ಬರೆದೆ.

ನಾನು ಬರ್ತೀನಿ. ಅಕ್ಟೋಬರ್ ಐದಕ್ಕೆ ವಿಮಾನ ಹತ್ತಿದರೆ ಆರಕ್ಕೆ ಅಲ್ಲಿರ್ತೀನಿ. ವಾಪಸು ಬರೋ ಟಿಕೆಟ್ ತಗೊಂಡಿಲ್ಲ. ಲಾಕ್ಲನ್‌ಗೆ ಮಾಡಿದ್ದನ್ನ ನಿನಗೂ ಮಾಡ್ತೀನಿ. ಅದು ನನಗೆ ಭಾರ ಆಗುತ್ತೆ ಅಂತ ಯಾರು ಹೇಳಿದ್ದು ನಿನಗೆ? ನನಗೆ ಸರಿಯಾಗಿ ಬರೋ ಕೆಲಸ ಅದೊಂದೇ.

ರೋನಾ

ಆರ್‌ಬ್ರೋತ್
ಸೆಪ್ಟೆಂಬರ್ 14, 2017

ಪ್ರೀತಿಯ ರೋನಾ,

ಆರನೇ ತಾರೀಕು ಶುಕ್ರವಾರ. ಐಲ್ಸಾ ನಮ್ಮ ಹಳೆಯ ಕೋಣೆಗೆ ಹೊಸ ಹಾಸಿಗೆ ಹಾಕಿದ್ದಾಳೆ. ಪರದೆ ಒಗೆದು ಇಸ್ತ್ರಿ ಮಾಡಿದಳು. "ನಿಮ್ಮ ತಂಗಿ ರಾಣಿಯೇನು?" ಎಂದಳು. "ಅವಳೇ ಹಾಗಂದುಕೊಂಡಿದ್ದಾಳೆ" ಎಂದೆ. ಬಹಳ ದಿನದ ಮೇಲೆ ನಕ್ಕೆ. ನಕ್ಕರೆ ಹೊಟ್ಟೆ ನೋಯುತ್ತದೆ, ಆದರೂ ನಕ್ಕೆ.

ಬಂದರಿನಿಂದ ಹೊಗೆ ಹಾಕಿದ ಹ್ಯಾಡಕ್ ಮೀನು ತರಿಸುತ್ತೇನೆ. ನನಗೆ ತಿನ್ನಲಾಗದು, ನೀನು ಬೆಣ್ಣೆ ಹಾಕಿಕೊಂಡು ತಿನ್ನು, ವಾಸನೆ ನೋಡುತ್ತೇನೆ.

ಕುಡಿಯದೆ ಬಾ ಎಂದು ನಾನು ಕೇಳುತ್ತಿಲ್ಲ. ಹೇಗಿದ್ದೀಯೋ ಹಾಗೆ ಬಾ. ನಿನ್ನ ವಿಷಯ ನೀನು ಹೇಳಿಕೋ, ನನ್ನದು ನಾನು ಹೇಳಿಕೊಳ್ಳುತ್ತೇನೆ. ಹಡಗಿನಲ್ಲಿ ಅದೊಂದನ್ನು ಬಿಟ್ಟು ಎಲ್ಲ ಮಾತಾಡಿದೆವು.

ನೆಟ್ಟಾ

ಲೂನೆನ್‌ಬರ್ಗ್
ಅಕ್ಟೋಬರ್ 12, 2017

ನೆಟ್ಟಾ,

ನನಗೆ ಜ್ವರ ಅಂತ ಐಲ್ಸಾ ನಿನಗೆ ಹೇಳಿರ್ತಾಳೆ. ನಾನೇ ಅವಳಿಗೆ ಫೋನಿನಲ್ಲಿ ಹಾಗಂದೆ. ಜ್ವರ ಇರಲಿಲ್ಲ.

ಹೊರಡೋ ಮುಂಚೆ ನಾಲ್ಕು ದಿನ ಲೋಟ ಮುಟ್ಟದೆ ಇದ್ದೆ. ಮೈಯೆಲ್ಲ ನಡುಕ. ಬೆವರು ಹರಿದು ಹಾಸಿಗೆ ಒದ್ದೆ ಆಗ್ತಿತ್ತು. ಆದರೂ ಇದ್ದೆ. ಹ್ಯಾಲಿಫ್ಯಾಕ್ಸ್ ವಿಮಾನ ನಿಲ್ದಾಣಕ್ಕೆ ಬೇಗ ಹೋದೆ, ತಪ್ಪಿಸಿಕೊಳ್ಳಬಾರದು ಅಂತ. ಬೇಗ ಹೋಗಿದ್ದೇ ಕೆಟ್ಟದ್ದಾಯ್ತು. ಕಾಯೋ ಜಾಗದ ಎದುರಿಗೇ ಬಾರ್. ನೀನು ಬಾಗಿಲು ತೆಗೆಯೋದು, ನೀನು ಹೇಗೆ ಕಾಣ್ತೀಯೋ ಅನ್ನೋದು, ಲಾಕ್ಲನ್ ಮುಖ ಕೊನೆಗೆ ಹೇಗಿತ್ತೋ ಹಾಗೆ ನಿನ್ನದೂ ಇರುತ್ತಾ ಅನ್ನೋದು. ಇದನ್ನೇ ಯೋಚಿಸ್ತಾ ಕೂತಿದ್ದೆ. ಒಂದು ಲೋಟ ಬಿಳಿ ವೈನ್, ಕೈ ನಡುಕ ನಿಲ್ಲೋದಕ್ಕೆ ಮಾತ್ರ ಅಂದುಕೊಂಡೆ.

ವಿಮಾನದ ಬಾಗಿಲಲ್ಲಿ ಒಂದು ಹುಡುಗಿ ನನ್ನ ಟಿಕೆಟ್ ನೋಡಿದಳು, ಆಮೇಲೆ ನನ್ನನ್ನ ನೋಡಿದಳು. "ಕ್ಷಮಿಸಿ, ಇವತ್ತು ನಿಮ್ಮನ್ನ ಹತ್ತಿಸೋಕಾಗಲ್ಲ" ಅಂದಳು.

"ನನ್ನ ಅಕ್ಕ ಸಾಯ್ತಿದ್ದಾಳೆ" ಅಂದೆ.

"ಹೌದಾ. ಹಾಗಾದರೆ ಮನೆಗೆ ಹೋಗಿ ಮಲಗಿ. ನಾಳೆ ಇದೇ ಹೊತ್ತಿಗೆ ವಿಮಾನ ಇದೆ, ನಿಮಗೆ ಜಾಗ ಇಟ್ಟಿರ್ತೀನಿ" ಅಂದಳು. ಒರಟಾಗಿ ಹೇಳಿದ್ದರೆ ಜಗಳ ಆಡ್ತಿದ್ದೆ. ಒಳ್ಳೇ ಮಾತಲ್ಲಿ ಹೇಳಿದಳು. ಹಿಂದಿದ್ದವರು ನನ್ನನ್ನ ದಾಟಿಕೊಂಡು ಹೋದರು.

ಅವಳು ಜಾಗ ಇಟ್ಟಿದ್ದಳೋ ಏನೋ. ಮಾರನೇ ದಿನ ನಾನು ಹೋಗಲಿಲ್ಲ. ಅದರ ಮಾರನೇ ದಿನವೂ.

ಮುಂದಿನ ತಿಂಗಳು ಖಂಡಿತ ಬರ್ತೀನಿ. ಇಲ್ಲಿ ಕುಡಿತ ಬಿಡಿಸೋ ಒಂದು ಜಾಗ ಇದೆಯಂತೆ, ವಿಚಾರಿಸ್ತೀನಿ. ಕಾಯ್ತೀಯಾ?

ರೋನಾ

ಆರ್‌ಬ್ರೋತ್
ಅಕ್ಟೋಬರ್ 29, 2017

ರೋನಾ,

ಅಕ್ಷರ ಸೊಟ್ಟಗಿದೆ, ಸಾವಕಾಶ ಓದು.

ಆ ಶುಕ್ರವಾರ ಐಲ್ಸಾ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದ್ದಳು. ತಲೆ ಬಾಚಿ ನೀಲಿ ಕೋಟು ಹೊದಿಸಿದಳು. ಒಂದು ಟ್ಯಾಕ್ಸಿ ಬಂತು, ಎದುರು ಮನೆಗೆ. ಕತ್ತಲಾಗುವವರೆಗೂ ಕೂತಿದ್ದೆ. ಆಮೇಲೆ ಮೀನನ್ನು ಐಲ್ಸಾಳ ಮೊಮ್ಮಗನಿಗೆ ಕೊಟ್ಟೆವು.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿಗೂ ಶಕ್ತಿ ಬೇಕು. ಕುಡಿತ ಬಿಡಿಸುವ ಜಾಗಕ್ಕೆ ಹೋಗು, ಆದರೆ ನನಗಾಗಿ ಹೋಗಬೇಡ, ನಾನು ಅಷ್ಟು ದಿನ ಇರುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ಬರ್ತೀನಿ ಎಂದು ಇನ್ನು ಬರೆಯಬೇಡ. ಬರುವುದಾದರೆ ಬಂದುಬಿಡು. ಪತ್ರದಲ್ಲಿ ಆ ಮಾತು ಇದ್ದರೆ ನಾನು ಕಾಯುತ್ತೇನೆ, ಕಾಯುವುದು ನೋವಿಗಿಂತ ಹೆಚ್ಚು ಸುಸ್ತು ಮಾಡುತ್ತದೆ. ಬೇರೆ ಏನಾದರೂ ಬರಿ. ಹಿಮ ಬಿತ್ತೇ, ಏನು ತಿಂದೆ, ಪಕ್ಕದವರು ಏನೆಂದರು. ಅದು ಸಾಕು.

ಸೋಮವಾರ ನನ್ನನ್ನು ಕೊನೆಗಾಲದ ಶುಶ್ರೂಷೆಯ ಮನೆಗೆ ಕರೆದೊಯ್ಯುತ್ತಾರೆ. ವಿಳಾಸ ಐಲ್ಸಾ ಕೊಡುತ್ತಾಳೆ.

ನೆಟ್ಟಾ

ಲೂನೆನ್‌ಬರ್ಗ್
ನವೆಂಬರ್ 20, 2017

ಪ್ರೀತಿಯ ನೆಟ್ಟಾ,

ಐಲ್ಸಾ ಫೋನ್ ಮಾಡಿದ್ದಳು. ನಿನಗೆ ಈಗ ಕಾಗದ ಹಿಡಿಯೋಕೆ ಆಗಲ್ಲವಂತೆ, ಕಣ್ಣು ತೆರೆಯೋದೂ ಕಷ್ಟವಂತೆ. ಅಲ್ಲಿಯ ನರ್ಸ್ ಓದಿ ಹೇಳ್ತಾರಂತೆ. ಓದ್ತಿರೋ ನರ್ಸಮ್ಮ, ನಿಮಗೆ ವಂದನೆ. ಸ್ವಲ್ಪ ನಿಧಾನವಾಗಿ ಓದಿ, ಅವಳಿಗೆ ಅವಸರದ ಮಾತು ಸೇರಲ್ಲ.

ಇಲ್ಲಿ ಮೊನ್ನೆ ಮೊದಲ ಹಿಮ ಬಿತ್ತು. ಬೆಳಿಗ್ಗೆ ಎದ್ದಾಗ ಬಂದರಿನ ದೋಣಿಗಳೆಲ್ಲ ಬೆಳ್ಳಗಾಗಿದ್ದವು. ಮಧ್ಯಾಹ್ನಕ್ಕೆಲ್ಲ ಕರಗಿ ಕೆಸರಾಯ್ತು. ಪಕ್ಕದ ಮನೆಯ ಕಾರ್ಕಮ್ ಬಂದು ಮೆಟ್ಟಿಲ ಮೇಲಿನ ಹಿಮ ಗುಡಿಸಿಕೊಟ್ಟ. "ನಿನ್ನ ಮನೆ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲ, ಇದ್ದೀಯೋ ಇಲ್ಲವೋ ನೋಡೋಣ ಅಂತ ಬಂದೆ" ಅಂದ. ಇದ್ದೀನಿ ಅಂದೆ. ಅವನ ಹೆಂಡತಿ ಬಟಾಣಿ ಸೂಪು ಕಳಿಸಿದ್ದಳು. ಉಪ್ಪು ಜಾಸ್ತಿ, ಆದರೂ ಬಟ್ಟಲು ಖಾಲಿ ಮಾಡಿದೆ. ಇವತ್ತು ಎರಡು ಮೊಟ್ಟೆ ಬೇಯಿಸಿಕೊಂಡೆ, ಒಂದು ತಿಂದೆ.

ರೇಡಿಯೋ ಕೆಟ್ಟಿದೆ. ಕಿಟಕಿಯ ಹೊರಗೆ ಎರಡು ಸೀಗಲ್ ಹಕ್ಕಿ ಒಂದು ಬ್ರೆಡ್ ಚೂರಿಗೆ ಕಿತ್ತಾಡ್ತಿವೆ, ದೊಡ್ಡದು ಗೆಲ್ಲುತ್ತೆ ಅಂತ ಕಾಣುತ್ತೆ. ಗಾಳಿ ಉತ್ತರದಿಂದ ಬೀಸ್ತಿದೆ.

ಇಲ್ಲಿ ಇನ್ನೇನೂ ವಿಶೇಷ ಇಲ್ಲ.

ನಿನ್ನ ರೋನಾ